ಖಾಲಿ ಬಿಡದ ತೊಟ್ಟಿಲು

ಬ್ರೂನಾ ಲೊಪೆರ್ಫಿದೊ ಹುಟ್ಟಿದ ಗುಹೆಯಲ್ಲಿ ಈಗ ಪ್ರವಾಸಿಗಳು ಮಲಗುತ್ತಾರೆ. ಅವರ ಹಾಸಿಗೆ ಸರಿಪಡಿಸುವ ಕೆಲಸ ಬ್ರೂನಾಳದೇ.

ದಕ್ಷಿಣ ಇಟಲಿಯ ಮತೇರಾದ ಕಣಿವೆಗೆ ಮುಖ ಮಾಡಿದ ಆ ಕಲ್ಲುಕೋಣೆಯಲ್ಲಿ ಒಂದು ಕಾಲಕ್ಕೆ ಅಪ್ಪ, ಅಮ್ಮ, ಮಕ್ಕಳು, ಹಿಂಬದಿಯಲ್ಲಿ ಹೇಸರಗತ್ತೆ, ಮಂಚದ ಕೆಳಗೆ ಕೋಳಿಗಳು. ಅಮ್ಮ ಹೆತ್ತ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ತೀರಿಕೊಂಡವು. ಸರ್ಕಾರ ಗುಹೆಯವರನ್ನೆಲ್ಲ ಮೇಲಿನ ಹೊಸ ಬಡಾವಣೆಗೆ ಸಾಗಿಸಿದಾಗ ಬ್ರೂನಾ ಇನ್ನೂ ಹುಡುಗಿ. ಮುಂದೆ ಪಾಸ್ತಾ ಕಾರ್ಖಾನೆಯಲ್ಲಿ ದುಡಿದಳು, ಮದುವೆಯಾದಳು, ವಿಧವೆಯಾದಳು. ಮೈದುನನ ಮಗ ಎಜಿದಿಯೊ ಅದೇ ಗುಹೆಯನ್ನು ಗುತ್ತಿಗೆ ಹಿಡಿದು, ಸುಣ್ಣ ಬಳಿಸಿ, ಅತಿಥಿಗೃಹ ಮಾಡಿದಾಗ ತಾನೇ ಹೋಗಿ ಕೆಲಸ ಕೇಳಿದಳು. ಯಾಕೆಂದು ಅವನು ವಿಚಾರಿಸಲಿಲ್ಲ.

ಮಂಚದ ಮೇಲಿನ ಚಾವಣಿಯಲ್ಲಿ ಹಿಂದೆ ತೊಟ್ಟಿಲು ಕಟ್ಟುತ್ತಿದ್ದ ಕಬ್ಬಿಣದ ಬಳೆ ಹಾಗೇ ಉಳಿದಿತ್ತು. ಎಜಿದಿಯೊ ಹಳೇ ಸಾಮಾನಿನ ಸಂತೆಯಲ್ಲಿ ಮರದ ತೊಟ್ಟಿಲೊಂದನ್ನು ಕೊಂಡು ಅದಕ್ಕೆ ತೂಗುಹಾಕಿದ. ಕೂಸಿಲ್ಲದ ತೊಟ್ಟಿಲು ತೂಗಿದರೆ ಆ ಮನೆಯಲ್ಲಿ ಸತ್ತ ಕೂಸೊಂದು ಬಂದು ಮಲಗುತ್ತದೆ, ಮುಂದೆ ಹುಟ್ಟುವುದಕ್ಕೆ ಜಾಗ ಬಿಡುವುದಿಲ್ಲ ಎಂದು ಬ್ರೂನಾಳ ಅಮ್ಮ ನಂಬಿದ್ದಳು. ಖಾಲಿಯಿದ್ದಾಗಲೆಲ್ಲ ಅದರೊಳಗೆ ದೊಡ್ಡದೊಂದು ಬ್ರೆಡ್ಡನ್ನು ಬಟ್ಟೆ ಸುತ್ತಿ ಇಡುತ್ತಿದ್ದಳು. ಬ್ರೂನಾ ಕೂಡ ಅತಿಥಿಗಳು ಬರುವ ಮೊದಲು ಹಾಗೇ ಮಾಡಿದಳು. ಎಜಿದಿಯೊ ಅದನ್ನು ಅಲಂಕಾರವೆಂದುಕೊಂಡ.

ಏಪ್ರಿಲ್‌ನಲ್ಲಿ ಉತ್ತರದ ತ್ರಿಯೆಸ್ತೆ ನಗರದಿಂದ ನೀವೆಸ್, ತುಲ್ಲಿಯೊ ಎಂಬ ಗಂಡಹೆಂಡತಿ ರಜೆಗೆ ಬಂದರು. ನೀವೆಸ್ ಐದು ತಿಂಗಳ ಬಸುರಿ. ಆದರೂ ಬಂಡೆಯಲ್ಲಿ ಕೊರೆದ ಚರ್ಚುಗಳನ್ನೆಲ್ಲ ಹತ್ತಿಳಿದು ನೋಡುವ ಉಮೇದು. ನೀರಿನ ಬಾಟಲಿ ಹಿಡಿದು ಗಂಡ ಹಿಂದೆ ಹಿಂದೆ. ಮರುದಿನ ಬೆಳಿಗ್ಗೆ ಬ್ರೂನಾ ಬಂದಾಗ ಮೇಜಿನ ಮೇಲೆ ಬ್ರೆಡ್ಡಿನ ಚೂರುಗಳಿದ್ದವು. ಉಡುಗೊರೆ ಬಹಳ ರುಚಿಯಾಗಿತ್ತು ಎಂದು ನೀವೆಸ್ ಹೊಗಳಿದಳು. ತುಲ್ಲಿಯೊ ಫೋನಿನಲ್ಲಿ ವಿಡಿಯೊ ತೋರಿಸಿದ. ಅದರಲ್ಲಿ ಅವಳು ನಗುನಗುತ್ತ ಖಾಲಿ ತೊಟ್ಟಿಲು ತೂಗುತ್ತಿದ್ದಳು.

ಬ್ರೂನಾ ಮಂಚದ ಅಂಚಿನಲ್ಲಿ ಕುಳಿತುಬಿಟ್ಟಳು. ಏನಾಯಿತೆಂದು ನೀವೆಸ್ ಕೇಳಿದಾಗ ಎಲ್ಲವನ್ನೂ ಹೇಳಿದಳು, ಸತ್ತ ಕೂಸುಗಳ ಹೆಸರುಗಳ ಸಮೇತ.

"ಹಾಗಾದ್ರೆ ನಾನೇ ಅದ್ರಲ್ಲಿ ಮಲಗ್ತೀನಿ ಬಿಡಿ," ಎಂದ ತುಲ್ಲಿಯೊ. "ಹೇಗೂ ಇವಳು ಮಂಚದಲ್ಲಿ ಜಾಗ ಕೊಡಲ್ಲ."

ಹೆಂಗಸರಿಬ್ಬರೂ ನಗಲಿಲ್ಲ. ನೀವೆಸಳ ಕೈ ಹೊಟ್ಟೆಯ ಮೇಲಿತ್ತು.

"ಈಗ ಏನ್ ಮಾಡ್ಲಮ್ಮ?"

"ನಿಂದೇ ಏನಾದ್ರೂ ಇಡು. ಹೆರಿಗೆ ಆಗೋ ತನಕ ಅದು ಅಲ್ಲೇ ಇರ್ಲಿ."

ನೀವೆಸ್ ತಾನು ಹೊದ್ದಿದ್ದ ನೀಲಿ ಶಾಲನ್ನು ಮಡಚಿ ತೊಟ್ಟಿಲೊಳಗಿಟ್ಟಳು. ರಜೆ ಮುಗಿಸಿ ಹೋಗುವಾಗಲೂ ತೆಗೆಯಲಿಲ್ಲ.

ಬೇಸಿಗೆಯುದ್ದಕ್ಕೂ ಬೇರೆ ಬೇರೆ ಅತಿಥಿಗಳು ಬಂದು ಹೋದರು. ಯಾರೂ ತೊಟ್ಟಿಲು ಮುಟ್ಟದಂತೆ ಬ್ರೂನಾ ಹಗ್ಗವನ್ನು ಗಿಡ್ಡ ಮಾಡಿ ಮೇಲೆ ಕಟ್ಟಿಸಿದಳು.

"ದೊಡ್ಡಮ್ಮ, ದೆವ್ವಗಳ ಹತ್ರಾನೂ ಬಾಡಿಗೆ ಕೇಳ್ಲಾ?" ಎಂದು ಎಜಿದಿಯೊ ಕಿಚಾಯಿಸಿದ.

"ನೀನೇ ಕೊಡ್ಬೇಕು ಕಣೋ. ನಿನಗಿಂತ ಮುಂಚಿನಿಂದ ಇದಾರೆ."

ದಿನಾ ಬೆಳಿಗ್ಗೆ ಮಂಚದ ಮೇಲೆ ನಿಂತು ನೋಡಿದರೆ ಶಾಲಿನ ನಡುವೆ ಸಣ್ಣದೊಂದು ತಗ್ಗು ಇರುತ್ತಿತ್ತು. ಬಟ್ಟೆ ತಾನಾಗಿಯೇ ಕುಸಿಯುತ್ತದೆ ಎಂದ ಎಜಿದಿಯೊ. ಬ್ರೂನಾ ಅದನ್ನು ಅಂಗೈಯಿಂದ ಸವರಿ ಸಮ ಮಾಡುತ್ತಿದ್ದಳು.

ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ ಎಜಿದಿಯೊಗೆ ನೀವೆಸಳ ಫೋನ್ ಬಂತು. ಹೆಣ್ಣು ಮಗು. ಇನ್ನು ಶಾಲು ಅಂಚೆಗೆ ಹಾಕಬಹುದು ಎಂದು ಅವನು ತೊಟ್ಟಿಲ ಕಡೆ ಕೈ ಚಾಚಿದರೆ, ಬ್ರೂನಾ ಅವನ ಕೈಯಿಂದ ಫೋನ್ ಕಿತ್ತುಕೊಂಡಳು.

"ಅಳ್ತಾಳಾ?"

ಇಲ್ಲ, ತುಂಬಾ ಶಾಂತ ಸ್ವಭಾವ, ಈಗಲೂ ಮಲಗಿದ್ದಾಳೆ ಎಂದಳು ತಾಯಿ. ಬ್ರೂನಾಳಿಗೆ ಅಮ್ಮನ ಕೂಸುಗಳು ನೆನಪಾದವು. ಈ ಗುಹೆಯಲ್ಲಿ ಹೋದ ಕೂಸುಗಳೆಲ್ಲ ಮೊದಲು ಶಾಂತವಾಗಿದ್ದವು.

"ಎಬ್ಬಿಸು, ತಾಯಿ. ಒಂದ್ಸಲ ಅಳ್ಸು."

ಅತ್ತ ಹೊದಿಕೆ ಸರಿಸಿದ ಸದ್ದು ಕೇಳಿತು. ಆಮೇಲೆ ಸಣ್ಣ ಕೊಸರಾಟ, ಅದರ ಹಿಂದೆಯೇ ಅಳು. ಬ್ರೂನಾ ಮಂಚ ಹತ್ತಿ ಫೋನನ್ನು ಶಾಲಿನ ತಗ್ಗಿನೊಳಗೆ ಇಟ್ಟಳು. ತೊಟ್ಟಿಲಿನಿಂದ ಎದ್ದ ಅಳು ಕಲ್ಲಿಗೆ ಬಡಿದು ಗುಹೆಯ ಹಿಂಬದಿಯವರೆಗೂ ಹೋಯಿತು. ಅದು ರೋಷದ ಅಳುವಾಗುವವರೆಗೂ ಅವಳು ಕಾದಳು.

"ಕೇಳಿಸ್ತಾ?" ಎಂದಳು, ಗೋಡೆಯ ಕಡೆ ತಿರುಗಿ. "ಇವಳು ನಿಮ್ಮವಳಲ್ಲ. ಬಿಟ್ಬಿಡಿ."

ಫೋನನ್ನೂ ಶಾಲನ್ನೂ ತೆಗೆದು ಮಂಚದ ಮೇಲಿಟ್ಟು, ಇಳಿದು, ಹೊರಗೆ ಬಿಸಿಲಿಗೆ ಹೋದಳು. ಎಜಿದಿಯೊ ಒಳಗೇ ಉಳಿದ. ಮಂಚ ಹತ್ತಿ, ಖಾಲಿ ತೊಟ್ಟಿಲು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.