ಖಾಲಿ ಬಿಟ್ಟ ದಿನಗಳು

ರೊವೀನಾ ಟಾಟ್ರೊ ನನ್ನ ಮಹಡಿ ಕೋಣೆಗೆ ಬಾಡಿಗೆಗೆ ಬಂದಾಗ ಅವಳಿಗೆ ಮೂವತ್ತೇಳು. ಹನ್ನೊಂದು ವರ್ಷ ಶಾಲೆಯ ಬಸ್ಸು ಓಡಿಸಿ, ನಡುನಡುವೆ ಪದವಿ ಮುಗಿಸಿ, ಕಾಡುಮರಗಳ ವಿಷಯದಲ್ಲಿ ಮೇಲಿನ ಓದಿಗೆ ಸೇರಿದ್ದಳು. ಮೇಪಲ್ ಮರದ ಬಗ್ಗೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಕಣ್ಣಲ್ಲಿ ನೀರು ಬರಿಸಿದ್ದು ಕಂಪ್ಯೂಟರು. ಪ್ರೋಗ್ರಾಮ್ ಬರೆಯುವುದನ್ನು ನನ್ನ ಅಡುಗೆಮನೆಯ ಮೇಜಿನ ಮೇಲೆಯೇ ಕಲಿತಳು. ಅದು ತಪ್ಪು ತೋರಿಸಿದರೆ, ಬಸ್ಸಿನ ಹಿಂದಿನ ಸೀಟಿನ ತಂಟೆಕೋರರಿಗೆ ಹೇಳುವ ಹಾಗೆ, "ಸುಮ್ನೆ ಕೂತ್ಕೋ, ನಾನು ನೋಡ್ತಾ ಇದೀನಿ" ಎಂದು ಮೆಲ್ಲಗೆ ಗದರುತ್ತಿದ್ದಳು.

ವಸಂತದ ಬಿಸಿಲು ಹೆಚ್ಚಾದರೆ ಮೇಪಲ್ ಮರದ ರಸ ಎಷ್ಟು ಹೆಚ್ಚುಕಡಿಮೆಯಾಗುತ್ತದೆ ಎಂದು ಅವಳು ತಿಳಿಯಬೇಕಿತ್ತು. ಆ ರಸ ಕಾಯಿಸಿ ಸಿಹಿ ಪಾಕ ಮಾಡುತ್ತಿದ್ದ, ತೀರಿಹೋದ ನನ್ನ ಗಂಡ ಎವರೆಟ್ ನಲವತ್ತು ವರ್ಷ ದಿನಕ್ಕೆಷ್ಟು ಬಕೆಟ್ ರಸ ಬಂತೆಂದು ಬರೆದಿಟ್ಟ ಪುಸ್ತಕಗಳನ್ನು ಕೊಟ್ಟೆ. ಊರಿನ ಇನ್ನೂ ಒಂಬತ್ತು ಮನೆಗಳಿಂದ ಅಂಥವೇ ಪುಸ್ತಕಗಳನ್ನು ತಂದಿದ್ದಳು. ಅವಳಿಗೆ ಮಾರ್ಗದರ್ಶನ ಮಾಡುತ್ತಿದ್ದ ಪ್ರೊಫೆಸರ್ ಹಾಲಿಸ್ ಅವಳ ಕೆಲಸವನ್ನು ಎರಡು ಸಲ ವಾಪಸು ಕಳಿಸಿದ್ದರು. ಗುರುವಾರ ಮೂರನೆಯ ಸಲ ಒಪ್ಪಿಸಬೇಕಿತ್ತು. ಅದೂ ಸರಿಹೋಗದಿದ್ದರೆ ಓದು ಬಿಡಬೇಕಿತ್ತು.

ಮಂಗಳವಾರ ನಾನು ಆಲೂಗಡ್ಡೆ ಹೆರೆಯುತ್ತಿದ್ದಾಗ ಪರದೆಯ ಮೇಲೆ ಎವರೆಟ್‌ನ ಲೆಕ್ಕದಿಂದ ಎಳೆದ ಗೆರೆ ತೋರಿಸಿದಳು. ಗೆರೆ ಏರಿ ಏರಿ, ಮಾರ್ಚ್ ನಡುವೆ ಧೊಪ್ಪನೆ ನೆಲಕ್ಕೆ ಬಿದ್ದಿತ್ತು. ಯಾವ ವರ್ಷ ಎಂದು ಕೇಳಿದೆ. ಎಪ್ಪತ್ತೆಂಟು, ನಾಲ್ಕು ದಿನ ಒಂದು ತೊಟ್ಟೂ ಬಂದಿಲ್ಲ ಎಂದಳು.

ಆ ನಾಲ್ಕು ದಿನ ನನಗೆ ಚೆನ್ನಾಗಿ ನೆನಪಿದೆ. ಒಲೆ ಆರಲೇ ಇಲ್ಲ. ಕುದಿಯುವ ರಸದಲ್ಲೇ ಮೊಟ್ಟೆ ಬೇಯಿಸಿ ನಿಂತಲ್ಲೇ ತಿಂದೆವು.

"ತೊಟ್ಟೂ ಬಂದಿಲ್ವಾ? ಪಾದ್ರಿಗಳೂ ಕೋಟು ಬಿಚ್ಚಿಟ್ಟು ಬಕೆಟ್ ಹೊತ್ತಿದ್ರು ಕಣೇ."

"ಮತ್ತೆ ಪುಸ್ತಕದಲ್ಲಿ ಖಾಲಿ ಇದ್ಯಲ್ಲ, ಆರ್ಲೀನ್?"

"ಬರೆಯೋಕೆ ಯಾರಿಗೆ ಪುರುಸೊತ್ತಿತ್ತು? ರಸ ಬರದ ದಿನ ಅವನು ಗೀಟು ಎಳೀತಿದ್ದ. ಖಾಲಿ ಬಿಟ್ಟಿದ್ರೆ ರಸ ಹೊಳೆಯಾಗಿ ಹರಿದಿದೆ ಅಂತ."

ಖಾಲಿ ಇದ್ದ ಕಡೆಯೆಲ್ಲ ಸೊನ್ನೆ ತುಂಬು ಎಂದು ಅವಳೇ ಪ್ರೋಗ್ರಾಮಿಗೆ ಹೇಳಿದ್ದಳಂತೆ. "ಹಾಜರಿ ಹಾಕದ ಮಕ್ಕಳನ್ನೆಲ್ಲ ಬಸ್ಸಿಂದ ಇಳಿಸ್ಬಿಟ್ಟಿದೀನಿ" ಎಂದು ನಕ್ಕಳು.

ದಿನಕ್ಕೆ ಇನ್ನೂರು ಬಕೆಟ್ ಎಂದು ಬರೆದುಕೋ, ನಾನೇ ಸಾಕ್ಷಿ ಎಂದೆ. ಅವಳು ಒಪ್ಪಲಿಲ್ಲ.

"ನಿಮ್ಮ ನೆನಪು ನಿಜಾನೇ ಇರಬಹುದು. ಆದ್ರೆ ಅಂದಾಜು ತುಂಬಿದ್ರೆ ಇದೂ ಆ ಸೊನ್ನೆ ಥರಾನೇ ಆಗತ್ತೆ. ಗೊತ್ತಿಲ್ಲ ಅಂತಲೇ ಬರೀತೀನಿ."

ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ ಅವಳು ಎರಡು ದಿನ ಕುಳಿತು ನಲವತ್ತು ವರ್ಷದ ಲೆಕ್ಕವನ್ನೂ ಮತ್ತೆ ಮಾಡಿದಳು. ಪ್ರತಿ ಪುಸ್ತಕದ ಕೊನೆಯಲ್ಲಿ ಎವರೆಟ್ ಆ ವರ್ಷ ತುಂಬಿದ ಪಾಕದ ಡಬ್ಬಿಗಳ ಲೆಕ್ಕ ಬರೆದಿದ್ದ. ಬರೆದ ದಿನಗಳ ರಸದಿಂದ ಅಷ್ಟು ಡಬ್ಬಿ ತುಂಬುವಂತಿರಲಿಲ್ಲ. ಖಾಲಿ ದಿನ ಹೆಚ್ಚಿದ್ದ ವರ್ಷಗಳಲ್ಲೇ ಕೊರತೆಯೂ ಹೆಚ್ಚು. ಖಾಲಿ ದಿನಗಳಲ್ಲಿ ರಸ ಹರಿದಿತ್ತೆಂಬುದಕ್ಕೆ ಅದೇ ಪುರಾವೆ. ಅದನ್ನು ಕಂಡುಹಿಡಿದದ್ದು ಅವಳು. ನನಗೆ ಹೊಳೆದೇ ಇರಲಿಲ್ಲ.

ಗುರುವಾರ ಸಂಜೆ ಬಂದು ಬೂಟು ಬಿಚ್ಚದೆ ಕುಳಿತಳು. ಹಾಲಿಸ್ ಒಪ್ಪಿದ್ದರು, ಓದು ಮುಂದುವರಿಸು ಎಂದಿದ್ದರು. ಆದರೆ ಉಳಿದ ಒಂಬತ್ತು ಮನೆಗಳ ಪುಸ್ತಕಗಳಲ್ಲಿ ಖಾಲಿ ಎಂದರೆ ಏನೆಂದು ಕೇಳಿದ್ದರು. ಅವಳಿಗೆ ಗೊತ್ತಿರಲಿಲ್ಲ.

"ಮನೆಮನೆಗೆ ಹೋಗಿ ಕೇಳ್ಬೇಕು. ನೀವೂ ಬರ್ತೀರಾ?"

ಮೊದಲನೆಯದು ಮೇಬಲ್ ಕೋರಿಯ ಮನೆ. ಮೇಬಲ್‌ಗೆ ಎಂಬತ್ತೊಂಬತ್ತು, ತಡ ಮಾಡುವಂತಿರಲಿಲ್ಲ. ಊಟ ಆಮೇಲೆ, ಮೊದಲು ಕಾರು ತೆಗಿ ಎಂದೆ.