ಕರೆಂಟಿಲ್ಲದೆ ತಿರುಗಿದ ಗಾಲಿ

ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಲಾಡಲೇಸಾಬನ ಬ್ಯಾಟರಿ ಅಂಗಡಿ. ಒಂದು ಕರೆಂಟಿನ ಮೋಟಾರು, ಅದು ಪಟ್ಟಿಯಿಂದ ತಿರುಗಿಸುವ ಒಂದು ಡೈನಮೊ, ಅದರ ಮುಂದೆ ಸಾಲಾಗಿ ಚಾರ್ಜಿಗೆ ಕೂತ ಬ್ಯಾಟರಿಗಳು. ಎಪ್ಪತ್ಮೂರನೇ ಇಸವಿಯ ಸುಮಾರಿಗೆ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಇವನ ಡೈನಮೊದ ಗಾಲಿ ಮಾತ್ರ ಕರೆಂಟು ಹೋದರೂ ತಿರುಗುತ್ತಲೇ ಇರುತ್ತಿತ್ತು! ಇದು ಪೀರಸಾಹೇಬರ ಬರಕತ್ತು, ಅವರ ಕೃಪೆ ಎಂದು ಲಾಡಲೇಸಾಬ ಗುರುವಾರಕ್ಕೊಮ್ಮೆ ಯಂತ್ರಕ್ಕೆ ಲೋಬಾನದ ಹೊಗೆ ಹಾಕುತ್ತಿದ್ದ. ಎದುರಿನ ಕಿರಾಣಿ ಅಂಗಡಿಯ ಈರಯ್ಯನೂ ಬಂದು ಕೈಮುಗಿದು ಹೋಗುತ್ತಿದ್ದ. ಪುಕ್ಕಟೆ ಪವಾಡ, ಯಾರು ಬೇಡವೆಂದಾರು?

ಬರಕತ್ತು ಅಷ್ಟಿದ್ದರೂ ಬ್ಯಾಟರಿಗಳು ಕೈಕೊಡುತ್ತಿದ್ದವು. ನಿಡೋಣಿಯ ರಾಯಪ್ಪನಂತೂ ಅಳುವುದೊಂದು ಬಾಕಿ. ನಿಡೋಣಿಯಿಂದ ವಿಜಾಪುರಕ್ಕೆ ಜನರನ್ನು ಸಾಗಿಸುವ ಹಳೇ ಜೀಪೇ ಅವನ ಹೊಟ್ಟೆಪಾಡು. ಸಂಜೆ ಚಾರ್ಜು ತುಂಬಿ ಚೆನ್ನಾಗಿ ಕುದಿಯುತ್ತಿದ್ದ ಬ್ಯಾಟರಿಯನ್ನು ಮುಂಜಾನೆ ಒಯ್ದು ಕೂರಿಸಿದರೆ ಜೀಪು ಒಮ್ಮೆ ಗುರ್ ಎಂದು ಸುಮ್ಮನಾಗುತ್ತಿತ್ತು. ಜನ ಕಾದು ಬೇಸತ್ತು ಬಸ್ಸು ಹತ್ತುತ್ತಿದ್ದರು.

ಲಾಡಲೇಸಾಬ ಆಸಿಡ್ ನೋಡಿದ, ನೀರು ಬದಲಿಸಿದ, ತುದಿಗಳನ್ನು ತಿಕ್ಕಿ ವ್ಯಾಸಲಿನ್ ಸವರಿದ. ಒಮ್ಮೆ ಸರಿಯಾದದ್ದು ಇನ್ನೊಮ್ಮೆ ಸತ್ತೇ ಇರುತ್ತಿತ್ತು. ತಲೆಬುಡ ತಿಳಿಯದೆ ಕೊನೆಗೆ ಹೇಳಿಬಿಟ್ಟ: “ಬ್ಯಾಟರಿ ಛಲೋ ಐತಿ ರಾಯಪ್ಪಾ. ದೋಷ ನಿನ್ನ ಜೀಪಿನ್ಯಾಗ ಐತಿ.”

ರಾಯಪ್ಪ ಬ್ಯಾಟರಿಯನ್ನು ಅಲ್ಲೇ ಬಿಟ್ಟು ಹೋದ. ಮತ್ತೆ ಒಯ್ಯಲು ಬರಲಿಲ್ಲ.

ಒಂದು ಮಧ್ಯಾಹ್ನ ಹೆಂಡತಿ ಮಾಸುಮಬಿ ಬುತ್ತಿ ತಂದಳು. ಕರೆಂಟು ಹೋಗಿತ್ತು, ಗಾಲಿ ಗರಗರ ತಿರುಗುತ್ತಿತ್ತು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

“ಕರೆಂಟ ಇಲ್ಲ. ಮತ್ತ ಇದು ಯಾರ ಕೂಳ ತಿಂದ ತಿರಗಾಕತ್ತೈತ್ರಿ?”

ಲಾಡಲೇಸಾಬ ತಿನ್ನುತ್ತಿದ್ದ ರೊಟ್ಟಿ ಕೆಳಗಿಟ್ಟ. ಎದ್ದು ಬ್ಯಾಟರಿಗಳ ತಂತಿ ಕಿತ್ತ. ಗಾಲಿ ನಿಂತಿತು. ಬ್ಯಾಟರಿಗೆ ಉಣಿಸಬೇಕಾದ ಡೈನಮೊ, ಕರೆಂಟು ಹೋದಾಗ ಬ್ಯಾಟರಿಯನ್ನೇ ಉಣ್ಣುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಕರೆಂಟು ಹೋದೊಡನೆ ಸಂಪರ್ಕ ಕಡಿಯಲೆಂದು ಅದರಲ್ಲೊಂದು ಸಣ್ಣ ತಗಡಿನ ನಾಲಿಗೆ ಇತ್ತು. ನಮಾಜಿನ ಹೊತ್ತಿಗೆ ಟಕಟಕ ಎನ್ನುತ್ತದೆಂದು ಅದನ್ನು ಮೇಲೇಳದಂತೆ ದಾರದಿಂದ ಬಿಗಿದವನು ಲಾಡಲೇಸಾಬನೇ. ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ.

ದಾರ ಬಿಚ್ಚಿದ. ರಾಯಪ್ಪನ ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿ, ಮರುದಿನ ಹೆಗಲಿಗೆ ಗೋಣಿತಟ್ಟು ಹಾಕಿ ಹೊತ್ತುಕೊಂಡು ನಿಡೋಣಿಯ ಬಸ್ಸು ಹತ್ತಿದ. ರಾಯಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ.

“ದೋಷ ನಿನ್ನ ಜೀಪಿಂದಲ್ಲೋ ರಾಯಪ್ಪಾ, ನಂದು! ನನ್ನ ಮಷೀನೇ ತಿಂತಿತ್ತು. ಈಗ ಹಚ್ಚಿ ನೋಡು, ಒಂದ ಏಟಿಗೆ ಚಾಲೂ ಆಗತೈತಿ. ಎಲ್ಲೈತಿ ಜೀಪ?”

“ಮಾರಿದ್ನಿರಿ ಸಾಬರ,” ಎಂದ ರಾಯಪ್ಪ. “ದೋಷ ಅದರಾಗ ಐತಿ ಅಂತ ನೀವ ಅಂದಿದ್ರಲ್ಲ. ಗುಜರಿಯವರಿಗೆ ಕೊಟ್ನಿ. ಮೊನ್ನೆ ಬಿಚ್ಚಿಕೊಂಡು ಒಯ್ದರು.”

ಇನ್ನು ಈ ಬ್ಯಾಟರಿ ಯಾರಿಗೆ, ಯಾತಕ್ಕೆ? ಲಾಡಲೇಸಾಬ ಅದನ್ನು ಹೊತ್ತುಕೊಂಡು ಹಾಗೇ ನಿಂತ. ರಾಯಪ್ಪ ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕಟ್ಟೆಯಿಂದ ಇಳಿದು ಬಂದು ಆ ಭಾರದ ಬ್ಯಾಟರಿಗೆ ಕೈಯಾಸರೆ ಕೊಟ್ಟ.

“ಕೆಳಗ ಇಡ್ರಿ ಸಾಬರ, ಒಜ್ಜಿ ಐತಿ.”