ತೊಟ್ಟಿಲೇರಿದ ಜರ್ಮನ್ ದರೋಡೆಕೋರ

ಅಟ್ಟದಿಂದ ಇಳಿಸಿದ ತೊಟ್ಟಿಲನ್ನು ಅಂಗಳದಲ್ಲಿಟ್ಟು ಒರೆಸುತ್ತಿದ್ದೆ. ಬಿಸಿಲಿಗೆ ಅರಗಿನ ವಾಸನೆ ಎದ್ದಿತು, ಅದರ ಹಿಂದೆಯೇ ತೊಟ್ಟಿಲ ಮೇಲೆ ಬರೆದ ಆ ಜರ್ಮನ್ ಕಳ್ಳನೂ ಎದ್ದ. ಅಕ್ಕನಿಗೆ ಈಗ ಎರಡನೆಯ ಬಸುರು. ಈ ಕಳ್ಳನ ಸಲುವಾಗಿ ನಮ್ಮಿಬ್ಬರ ಜಗಳ ನಡೆದದ್ದು ಮೊದಲನೆಯದರ ಹೊತ್ತಿಗೆ.

ಆಗ ನಾನು ಕಾಲೇಜಿನ ಚರ್ಚಾಪಟು. ಅಂದರೆ, ಊಟಕ್ಕೆ ಕರೆದರೂ ಆಧಾರ ಕೇಳುವ ಪ್ರಾಣಿ. ಸಾಹಿತ್ಯವು ಕಳ್ಳರನ್ನು ಮೆರೆಸುತ್ತದೆ ಎಂಬ ನನ್ನ ವಾದಕ್ಕೆ ಸಾಕ್ಷಿ ಹಳೇ ಕಾಲದ ಈ ಜರ್ಮನ್ ಸರದಾರ. ಕುಲ, ಕುದುರೆ ಎಲ್ಲ ಇದ್ದೂ ವ್ಯಾಪಾರಿಗಳ ಗಾಡಿ ದೋಚುತ್ತಿದ್ದ. ಹಿಡಿದು ಗಲ್ಲಿಗೆ ನಿಲ್ಲಿಸಿದರೆ, ಕೊನೆಯ ಸಲ ಕುದುರೆ ಏರುತ್ತೇನೆಂದ. ಏರಿದವನು ಕೋಟೆಗೋಡೆ ಹಾರಿಯೇಬಿಟ್ಟ. ಆಮೇಲೆ ಕವಿಗಳು, ನಾಟಕದವರು ಅವನನ್ನು ಎತ್ತಿ ಆಡಿಸಿದ್ದೇ ಆಡಿಸಿದ್ದು. ದೋಚಿಸಿಕೊಂಡವರ ಮೇಲೆ ಒಂದಾದರೂ ಹಾಡು? ನಾನಂತೂ ಕಾಣೆ.

ಇದನ್ನು ನಮ್ಮೂರು ಮಿಶ್ರಿಕೋಟಿಯ ಮನೆಯಲ್ಲಿ ತಾಲೀಮು ಮಾಡಿದ್ದೇ ತಪ್ಪಾಯಿತು. ಬಸುರಿ ಅಕ್ಕ ಕಣ್ಣರಳಿಸಿ ಕೇಳಿದಳು. ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಗೆ ಹೋಗಿ, ತೊಟ್ಟಿಲಿನ ಸುತ್ತ ಚಿತ್ರ ಬರೆಯುವ ಪಟ್ಟಿಗಳಲ್ಲಿ ಒಂದರಲ್ಲಿ ಅವನನ್ನೇ ಬರೆಯಲು ಹೇಳಿಬಂದಳು.

"ಕೂಸಿನ ಬಾಜು ಕಳ್ಳನ್ನ ಕುಂದರಸ್ತೀಯೇನ ಅಕ್ಕಾ? ನಾಳೆ ಅದು ಅವನ್ನ ಮೆಚ್ಚಿದ್ರ?"

"ಮಗ್ಗಲ ಪಟ್ಟಿಯೊಳಗ ಕೃಷ್ಣ ಬೆಣ್ಣಿ ಕದಿಯಾಕ್ಹತ್ಯಾನಲ್ಲಲೇ, ಮೊದಲ ಅವನ್ನ ಇಳಸು."

"ಭಾವ ಟೆಂಪೋದಾಗ ಮೆಣಸಿನಕಾಯಿ ಹೇರಿಕೊಂಡು ಹುಬ್ಬಳ್ಳಿಗೆ ಹೊಂಟಾಗ ಇಂಥಾಂವ ಅಡ್ಡ ಬಂದ್ರ?"

ಅಕ್ಕ ಎದ್ದು ಒಳಗೆ ಹೋದಳು. ಗೆದ್ದೆನೆಂದು, ಆ ಚಿತ್ರ ಬೇಡವೆನ್ನಲು ಬೈಕು ಹತ್ತಿ ಕಲಘಟಗಿಗೆ ಓಡಿದೆ. ತೊಟ್ಟಿಲು ಮಾಡುವ ಕಾಕಾ ಆಗಲೇ ಬರೆದು ಮುಗಿಸಿದ್ದರು. ಕುದುರೆ ಏರಿದ ಜರ್ಮನ್ನನಿಗೆ ತಲೆಗೆ ಕೆಂಪು ಪಟಗಾ, ಕಚ್ಚೆ ಧೋತರ, ಹುರಿಮೀಸೆ!

"ಜರ್ಮನಿಯಾವ್ರು ಹಿಂಗ ಇರ್ತಾರೇನ್ರಿ ಕಾಕಾ?"

"ಗ್ವಾಡಿ ಹಾರಬೇಕಂದ್ರ ಕಚ್ಚಿ ಬಿಗೀಬೇಕಲ್ಲಪಾ. ನೀ ನೋಡೀಯೇನು ಅವನ್ನ?"

ನೋಡಿರಲಿಲ್ಲ. ಅರಗಿನ ಬಣ್ಣ ಅಳಿಸುವಂಥದ್ದೂ ಅಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೆಣ್ಣುಮಕ್ಕಳು ಪಟ್ಟಿಪಟ್ಟಿಗೂ ಕುಂಕುಮ ಹಚ್ಚುತ್ತ ಬಂದರು. ತಂಬೂರು ಊರಿನಿಂದ ಬಂದ ಅತ್ತೆ ಜರ್ಮನ್ನನೆದುರು ನಿಂತು, "ಅಗದಿ ನಮ್ಮೂರಾಂವ ಕಂಡಂಗ ಕಾಣ್ತಾನ" ಎಂದು ಅವನಿಗೂ ಹಚ್ಚಿ ಕೈಮುಗಿದಳು. ಜರ್ಮನ್ ಕವಿಗಳಿಗೆ ತಲೆಮಾರುಗಳೇ ಹಿಡಿದ ಕೆಲಸವನ್ನು ಅತ್ತೆ ಒಂದು ಚಿಟಿಕೆಯಲ್ಲಿ ಮುಗಿಸಿದ್ದಳು.

ಆ ಕೂಸು ಈಗ ಓಡಾಡುವ ಹುಡುಗಿ. ನನ್ನ ಪಕ್ಕದಲ್ಲೇ ಕುಕ್ಕರಿಸಿ, ಕುದುರೆ ಸವಾರನ ಮೇಲೆ ಬೆರಳಿಟ್ಟು, "ಇಂವ ಯಾರು?" ಎಂದಳು. ಸಿಕ್ಕ ಅವಕಾಶ ಬಿಡಲಿಲ್ಲ. ವ್ಯಾಪಾರಿಗಳನ್ನು ಮುಂದಿಟ್ಟುಕೊಂಡು, ಅವರ ಮನೆಯಲ್ಲಿ ಅಪ್ಪನ ದಾರಿ ಕಾಯುವ ಮಕ್ಕಳ ಸಮೇತ ಕಥೆ ಹೇಳಿದೆ. ಎಲ್ಲ ಕೇಳಿದಳು. ಬೆರಳು ಮಾತ್ರ ಕುದುರೆಯ ಮೇಲಿಂದ ಕದಲಲಿಲ್ಲ.

"ಹಾರಿದಾಗ ಕುದುರಿ ಕಾಲಿಗೆ ಪೆಟ್ಟಾತೇನ ಮಾಮಾ?"

ಕಳ್ಳನ ಪರ, ವಿರೋಧ ಎರಡೂ ಮಾತಾಡಬಲ್ಲೆ. ಕುದುರೆಯ ಕಾಲಿನ ವಿಚಾರ ನನ್ನ ಯಾವ ಟಿಪ್ಪಣಿಯಲ್ಲೂ ಇರಲಿಲ್ಲ. ಪುಸ್ತಕದ ಪ್ರಕಾರ ಗೋಡೆಯ ಕೆಳಗೆ ಇದ್ದದ್ದು ಕಂದಕ. ಅವಳ ಕಣ್ಣು ತುಂಬುತ್ತಿದ್ದವು.

"ಇಲ್ಲವಾ, ಕೆಳಗ ಹುಲ್ಲಿನ ಬಣವಿ ಇತ್ತು."

"ಯಾರ ಬಣವಿ?"

"ನಮ್ಮದ," ಎಂದೆ.